ಮದರಂಗಿ ಬುಡದ ಮಣ್ಣು

ಖಾನಾಪುರದ ನಮ್ಮ ಓಣಿಯಲ್ಲಿ ಜೈತುನಬೀಯ ಕೈಯಡುಗೆ ಉಣ್ಣದವರು ಯಾರೂ ಇಲ್ಲ. ಗಂಡ ಸತ್ತ ಮೇಲೆ ಮದುವೆ ಮನೆಗಳಲ್ಲಿ ಅಡುಗೆ ಮಾಡಿ ಮಗ ಶಾಕಿರನನ್ನು ಸಾಕಿದವಳು. ಯಾರಾದರೂ ತಟ್ಟೆಯಲ್ಲಿ ಅನ್ನ ಬಿಟ್ಟರೆ ಅವಳಿಗೆ ಅವಮಾನ. ಬೆಕ್ಕಿಗೆ ಮೊದಲ ತುತ್ತು ಹಾಕದೆ ತಾನು ಉಂಡವಳಲ್ಲ.

ಸೊಸೆ ಸನಮ ಬಸುರಿಯಾದಾಗ, ಆಶಾ ಕಾರ್ಯಕರ್ತೆಯಾದ ನಾನು ಆ ಮನೆಗೆ ಹೋದೆ. ಹಾಸಿಗೆಯ ಮೇಲೆ ಬೆಕ್ಕಿನ ಮರಿ, ಸನಮಳ ಕಾಲ ತುಂಬ ಚಿಗಟ ಕಚ್ಚಿದ ಕೆಂಪು ಗುಳ್ಳೆ. ನನ್ನ ನಾಲಿಗೆ ಮೊದಲೇ ಹರಿತ.

"ಬಸುರಿ ಹೆಂಗಸು ಮಲಗೂ ಜಾಗಾದಾಗ ಈ ಚಿಗಟಿನ ಗಂಟು ಯಾಕ ಇಟ್ಟೀರಿ? ಮೊದಲ ಹೊರಗ ಹಾಕ್ರಿ," ಅಂದೆ.

"ಪಾಪ ಬರ್ತೈತ್ರಿ, ಪ್ರಮಿಳಾಬಾಯಿ," ಎಂದಳು ಜೈತುನಬೀ.

"ಪಾಪ-ಪುಣ್ಯ ಆಮ್ಯಾಲ. ರೋಗ ಬಂದ್ರ ನಿಮ್ಮ ಬೆಕ್ಕೇನು ದವಾಖಾನಿಗೆ ಕರಕೊಂಡು ಹೋಗತೈತಿ?"

ಸನಮ ನಕ್ಕುಬಿಟ್ಟಳು. ಮರಿಗೆ ಬೇವಿನ ನೀರಿನ ಸ್ನಾನವಾಯಿತು, ಅದು ಹಿತ್ತಲಿಗೆ ಗಡಿಪಾರಾಯಿತು. ಗೆದ್ದೆ ಎಂದುಕೊಂಡು ಮನೆಗೆ ಬಂದೆ. ಬೆಕ್ಕಿನಿಂದ ಬರುವುದೆಲ್ಲ ಅದರ ಮೈಮೇಲಿಂದಲೇ ಬರುತ್ತದೆ ಎಂದು ತಿಳಿದಿದ್ದ ದಡ್ಡಿ ನಾನು.

ಹೊರಗೆ ಬಿದ್ದ ಮರಿ ಇಲಿ ಹಿಡಿದು ತಿನ್ನುವುದನ್ನು ಕಲಿಯಿತು. ಹಿತ್ತಲಿನ ಮದರಂಗಿ ಗಿಡದ ಬುಡ ಕೆದರಿ, ಅಲ್ಲೇ ಹೇತು ಮುಚ್ಚತೊಡಗಿತು. ಮೊದಲ ಮಳೆ ಬಿದ್ದ ವಾರ ಸನಮಳಿಗೆ ಮಣ್ಣು ತಿನ್ನುವ ಬಯಕೆ ಹತ್ತಿತು. ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎನ್ನುತ್ತಾರೆ. ನನ್ನ ಅವ್ವನೂ ಅದನ್ನೇ ಹೇಳುತ್ತಿದ್ದಳು. ರಸ್ತೆಯ ಮಣ್ಣು ಹೊಲಸು ಎಂದು ಜೈತುನಬೀ ಮದರಂಗಿ ಬುಡದ ಮೆತ್ತನೆಯ ಮಣ್ಣನ್ನೇ ತೆಗೆದಳು. ಹಿಟ್ಟಿನ ಜರಡಿಯಲ್ಲಿ ಸೋಸಿ, ಸೊಸೆಯ ಬಾಯಿಗೆ ದಿನಾ ಒಂದು ಚಿಟಿಕೆ ಇಟ್ಟಳು. ಆ ಮಣ್ಣು ಅಷ್ಟು ಸಡಿಲ ಯಾಕಿದೆ ಎಂದು ಅವಳು ಯೋಚಿಸಲಿಲ್ಲ.

ಆಮೇಲೆ ಸನಮಳಿಗೆ ನಾಲ್ಕು ದಿನ ಜ್ವರ, ಕುತ್ತಿಗೆಯಲ್ಲಿ ಗಂಟು. ಮಳೆಗಾಲದ ಜ್ವರ ಎಂದು ಗುಳಿಗೆ ಕೊಟ್ಟವಳೂ ನಾನೇ.

ಉಜೈರ ಹುಟ್ಟಿದ. ಮೂರು ತಿಂಗಳಾದರೂ ಅವನ ನೋಟ ತಾಯಿಯ ಮುಖದ ಮೇಲೆ ನಿಲ್ಲಲಿಲ್ಲ. ಅತ್ತೆ-ಸೊಸೆಯ ಜೊತೆ ನಾನೂ ಬೆಳಗಾವಿಯ ಕಣ್ಣಿನ ಡಾಕ್ಟರರ ಹತ್ತಿರ ಹೋದೆ. ಎರಡೂ ಕಣ್ಣಿನ ಹಿಂದಿನ ಪರದೆ ಹೊಟ್ಟೆಯಲ್ಲಿದ್ದಾಗಲೇ ಹಾಳಾಗಿದೆ, ಇನ್ನು ನೋಟ ಬರುವುದಿಲ್ಲ ಎಂದರು. ರಕ್ತದ ವರದಿ ಕೆಳಗಿಟ್ಟು ಕೇಳಿದರು: "ಮನ್ಯಾಗ ಬೆಕ್ಕು ಐತೇನ್ರಿ? ಇಲಿ ತಿಂದ ಬೆಕ್ಕಿನ ಹೇಲಿನಿಂದ ಬರೂ ರೋಗ ಇದು. ಬಸುರಿದ್ದಾಗ ಮಣ್ಣೇನರ ತಿಂದಿದ್ರೇನು?"

ಸನಮ ಅತ್ತೆಯ ಕಡೆ ನೋಡಲಿಲ್ಲ.

"ಹೌದ್ರಿ. ನಾನಽ ತಗೊಂಡು ತಿಂದಿದ್ದೆ," ಎಂದಳು.

ಅತ್ತೆಯ ಮಾನ ಉಳಿಸಿದಳು. ಆದರೆ ಅಂದಿನಿಂದ ಅತ್ತೆಯ ಕೈಯಿಂದ ಒಂದು ಲೋಟ ನೀರೂ ಕುಡಿದಿಲ್ಲ. ಅದೇ ಅಡುಗೆಮನೆಯಲ್ಲಿ ಬೇರೆ ಒಲೆ ಹೂಡಿದ್ದಾಳೆ. ನನಗಂತೂ ಕೆಟ್ಟ ಮೇಲೆ ಬುದ್ಧಿ ಬಂತು. ಮರಿಯನ್ನು ಹಿತ್ತಲಿಗೆ ಅಟ್ಟಿಸಿದವಳು ನಾನು ಎಂದು ಜೈತುನಬೀ ಇವತ್ತಿಗೂ ಅಂದಿಲ್ಲ. ಅಂದುಬಿಟ್ಟರೆ ಚೆನ್ನಾಗಿತ್ತು.

ಮೊನ್ನೆ ಹೋದಾಗ ಕೂಸು ಜೈತುನಬೀಯ ತೊಡೆಯ ಮೇಲಿತ್ತು. ಅದರ ಕಿವಿಯ ಹಿಂದೆ ಮೆಲ್ಲಗೆ ಬೆರಳಾಡಿಸುತ್ತಿದ್ದಳು.

"ನೋಡ್ರಿ ಪ್ರಮಿಳಾಬಾಯಿ, ಕಿವಿ ಒಂದ ದಿನಾನೂ ಸೋರಿಲ್ಲ," ಎಂದಳು.

ಹಿತ್ತಲ ಬಾಗಿಲಲ್ಲಿ ಬೆಕ್ಕು ಕೂಗಿತು. ಉಜೈರ ಆ ಕಡೆಗೆ ಮುಖ ತಿರುಗಿಸಿ ನಕ್ಕ.