ಚಿಗವ್ವ ಒದರಿದ್ದು ಎಲ್ಲಿಗೆ ಕೇಳಿತು?

ಗೆಳೆಯರೇ, ಭಾಲ್ಕಿಯ ನಮ್ಮ ಮನೆಯಲ್ಲಿ ಇವತ್ತು ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ. ಚಿಗವ್ವನ (ನಮ್ಮ ಚಿಕ್ಕಮ್ಮನ) ಮಗ ಬಸು ಈ ವರ್ಷ ಮೊದಲ ಸಲ ರಣಜಿ ಆಡುತ್ತಿದ್ದಾನೆ. ಪಂದ್ಯ ಇರುವುದು ಎಲ್ಲೋ ದೂರದ ಊರಿನಲ್ಲಿ. ಬ್ಯಾಟ್ಸ್‌ಮನ್‌ಗೆ ತೀರಾ ಹತ್ತಿರದ ಶಾರ್ಟ್ ಲೆಗ್‌ನಲ್ಲಿ ಅವನನ್ನು ನಿಲ್ಲಿಸಿದ್ದರು. ನಾನು ಮತ್ತು ಬಸುವಿನ ಅಪ್ಪ, ಅಂದರೆ ನಮ್ಮ ಕಾಕಾ, ಪಡಸಾಲೆಯಲ್ಲಿ ಕೂತು ಮೊಬೈಲಿನಲ್ಲಿ ಆಟ ನೋಡುತ್ತಿದ್ದೆವು. ಚಿಗವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

ಇದ್ದಕ್ಕಿದ್ದಂತೆ ಅಲ್ಲಿಂದಲೇ ಒದರಿದಳು: "ಬಸ್ಯಾ, ತೆಲಿ ಬಗ್ಗಸೋ!"

ಕಾಕಾ ನಕ್ಕರು. "ಯಾಕ ಒದರ್ತಿ? ಇಲ್ಲಿ ಏನೂ ಆಗಿಲ್ಲ."

ನಿಜ, ಬೌಲರ್ ಇನ್ನೂ ಚೆಂಡು ಒರೆಸುತ್ತಿದ್ದ. ಆಮೇಲೆ ಓಡಿ ಬಂದ. ಚೆಂಡು ಅವನ ಕೈ ಬಿಡುವ ಮೊದಲೇ ಬಸು ತಲೆ ಬಗ್ಗಿಸಿ ನೆಲಕ್ಕೆ ಕುಸಿದ. ಬ್ಯಾಟ್ಸ್‌ಮನ್ ಬೀಸಿ ಹೊಡೆದ ಚೆಂಡು ಬಸುವಿನ ತಲೆ ಇದ್ದ ಜಾಗದಲ್ಲೇ ಹಾದುಹೋಯಿತು. ಮೊಬೈಲಿಗೆ ಆಟ ತುಸು ತಡವಾಗಿ ಬರುತ್ತದೆಂಬುದು ಆಗ ನನಗೆ ನೆನಪಾಯಿತು. ಮೈದಾನದಲ್ಲಿ ಅದು ನಡೆಯುವ ಹೊತ್ತಿಗೇ ಇಲ್ಲಿ ಚಿಗವ್ವ ಒದರಿದ್ದಳು.

ಸಂಜೆ ಬಸು ಫೋನ್ ಮಾಡಿದ. "ಅಣ್ಣಾ, ಅವ್ವ ಇಲ್ಲಿಗಿ ಬಂದಾಳೇನು? ನನ್ನ ಬೆನ್ನ ಹಿಂದ ನಿಂತು ಒದರಿದಂಗ ಆಯ್ತು."

ಚಿಗವ್ವನನ್ನು ಕೇಳಿದರೆ ಅವಳೇ ಹೆದರಿದಳು. "ನಾ ಯಾವಾಗ ಒದರೀನಿ? ಸುಮ್ಮನ ರೊಟ್ಟಿ ಬಡಿಲಿಕ್ಕತ್ತಿದ್ದೆ."

ಪಂದ್ಯ ನಾಳೆಯೂ ಇದೆ. ಮನೆಯಲ್ಲಿ ಈಗ ಯಾರೂ ಜೋರಾಗಿ ಮಾತಾಡುತ್ತಿಲ್ಲ. ಕಾಕಾ ಸೀನುವಾಗಲೂ ಬಾಯಿಗೆ ಟವೆಲ್ ಅಡ್ಡ ಹಿಡಿಯುತ್ತಿದ್ದಾರೆ.