ಹಿದುಕಿದ ಬೇಳೆ ಮತ್ತು ಕಿರುಬೆರಳು

ಧನುರ್ಮಾಸ ಬಂತೆಂದರೆ ಕಾಡುಗೋಡಿಯ ಮಾರ್ಕೆಟ್ಟಿನಲ್ಲಿ ಅವರೆಕಾಯಿಯ ರಾಶಿ ಬೀಳುತ್ತದೆ. ಆ ಸೊಗಡು ಮೂಗಿಗೆ ಬಡಿದರೆ ನಿಮಗೆ ಸಾರು ನೆನಪಾಗಬಹುದು. ನನಗೆ ಪಿಯಾನೋ ನೆನಪಾಗುತ್ತದೆ, ಅದರ ಬೆನ್ನಿಗೇ ಸಿಟ್ಟು ಬರುತ್ತದೆ. ಇಷ್ಟು ವರ್ಷ ಕಳೆದರೂ ಆರದ ಸಿಟ್ಟು.

ರೈಲ್ವೆ ಸ್ಟೇಷನ್ನಿನಾಚೆ, ವೈಟ್‌ಫೀಲ್ಡಿನ ಹಳೆಯ ಹೆಂಚಿನ ಮನೆಯೊಂದರಲ್ಲಿ ಡಾಫ್ನಿ ಮಿಸ್ ನಮ್ಮಂಥ ಆರು ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತಿದ್ದರು. ಅವರ ಪಾಠ ಪುಸ್ತಕ ನೋಡಿ ನಡೆಯುತ್ತಿರಲಿಲ್ಲ, ಕಾಲ ನೋಡಿ ನಡೆಯುತ್ತಿತ್ತು. ಬೇಸಿಗೆಯಲ್ಲಿ ಜಗಲಿಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ, ಸ್ವರ ಬರೆಯುವ ಪುಸ್ತಕದಲ್ಲಿರುವಂತೆ, ಐದು ಗೆರೆ ಎಳೆಯುತ್ತಿದ್ದರು. ನಾವು ಹುಣಸೆಬೀಜ ಎಸೆದು, ಅದು ಯಾವ ಗೆರೆಯ ಮೇಲೆ ಬಿತ್ತೋ ಆ ಸ್ವರವನ್ನು ಒಳಗೋಡಿ ಬಾರಿಸಬೇಕು. ಮಳೆಗಾಲದಲ್ಲಿ ಸೂರಿನಿಂದ ಬೀಳುವ ಹನಿಗಳ ಲಯ ಕೇಳಿಸಿಕೊಂಡು ನಮ್ಮದೇ ರಾಗ ಕಟ್ಟಬೇಕು. ನಾನು ಕಟ್ಟಿದ್ದಕ್ಕೆ ‘ತೂತುಬಿದ್ದ ಬಕೆಟ್’ ಎಂದು ಹೆಸರಿಟ್ಟಿದ್ದೆ. ಮಿಸ್ ಅದನ್ನು ಬರೆದು ಗೋಡೆಗೆ ಅಂಟಿಸಿದ್ದರು. ಚಳಿಗಾಲಕ್ಕೆ ಅವರೆಕಾಳು. ನೆನೆಸಿದ ಕಾಳನ್ನು ಹೆಬ್ಬೆರಳಿಗೂ ಇನ್ನೊಂದು ಬೆರಳಿಗೂ ನಡುವೆ ಹಿದುಕಿದರೆ ಸಿಪ್ಪೆಯಿಂದ ಬೇಳೆ ಪುಳಕ್ಕನೆ ಹಾರುತ್ತದಲ್ಲ, ಅದೇ ನಮ್ಮ ಪಂದ್ಯ. ಮಿಸ್ ಪಿಯಾನೋದಲ್ಲಿ ತಾಳ ಬಾರಿಸುತ್ತಿದ್ದರು. ನಾವು ಏಟಿಗೊಂದು ಕಾಳಿನಂತೆ, ತೋರುಬೆರಳಿನಿಂದ ಕಿರುಬೆರಳಿನವರೆಗೆ ಸರದಿ ತಪ್ಪದೆ ಹಿದುಕಬೇಕು. “ಕಿರುಬೆರಳು ಶುದ್ಧ ಸೋಮಾರಿ ಕಣೇ ಪುಟ್ಟಿ, ಬಿಡ್ಬೇಡ ಅದನ್ನ” ಎನ್ನುತ್ತಿದ್ದರು. ಕೊನೆಗೆ ಬೇಳೆಯೆಲ್ಲ ಗೆದ್ದವರ ಮನೆಗೆ. ನಾನು ಒಮ್ಮೆಯೂ ಗೆದ್ದಿರಲಿಲ್ಲ.

ನಾಲ್ಕನೇ ಕ್ಲಾಸಿನ ಆ ಚಳಿಗಾಲದಲ್ಲಿ ಗೆದ್ದೆ. ಮಿಸ್ ಆಗಷ್ಟೇ ನನ್ನ ಹೆಸರು ಹೇಳಿದ್ದರು, ಬಾಗಿಲಲ್ಲಿ ಅಪ್ಪ ನಿಂತಿದ್ದರು. ಸರ್ಕಾರಿ ಕಾರ್ಖಾನೆಯ ಶಿಫ್ಟ್ ಮುಗಿಸಿ, ನನ್ನನ್ನು ಕರೆದೊಯ್ಯಲು ಅಂದು ಬೇಗ ಬಂದಿದ್ದರು. ಅವರು ಕಂಡದ್ದು ಇಷ್ಟೇ: ನೆಲದ ಮೇಲೆ ಕಾಳಿನ ತಟ್ಟೆಗಳು, ಸುತ್ತ ಮಕ್ಕಳು, ಕುರ್ಚಿಯ ಮೇಲೆ ಮಿಸ್.

“ಪಾಠಕ್ಕೆ ಅಂತ ಕಳ್ಸಿದ್ರೆ ನಿಮ್ಮನೆ ಅಡುಗೆಗೆ ಕಾಳು ಬಿಡಿಸ್ತಿದ್ದೀರಲ್ಲ ಮೇಡಂ! ನಮ್ಮಕ್ಳು ನಿಮ್ಗೆ ಕೆಲ್ಸದೋರಾ?”

ಮಿಸ್ ಮುಖ ಕೆಂಪಾಯಿತು. “ಇದು ಬೆರಳಿಗೆ ಅಭ್ಯಾಸ ಸಾರ್. ಪುಟ್ಟಿ, ಬಾಮ್ಮ, ನಿನ್ನ ಬಕೆಟ್ ಬಾರಿಸಿ ತೋರ್ಸು ಅಪ್ಪಂಗೆ.”

ಬಾರಿಸಬಹುದಿತ್ತು. ಕಿರುಬೆರಳು ಪಳಗಿತ್ತು, ರಾಗ ನನ್ನದೇ. ಅಪ್ಪನ ಮುಖ ನೋಡಿದೆ, ಹೋಗಿ ಚಪ್ಪಲಿ ಮೆಟ್ಟಿಕೊಂಡೆ.

ಅಪ್ಪ ಸುಮ್ಮನಿರಲಿಲ್ಲ. ಉಳಿದ ಮಕ್ಕಳ ಮನೆಗಳಿಗೂ ಸುದ್ದಿ ಮುಟ್ಟಿಸಿದರು. ಹುಣ್ಣಿಮೆಯಿಂದ ಅಮಾವಾಸ್ಯೆಯೊಳಗೆ ಮಿಸ್ ಮನೆಯ ಜಗಲಿ ಖಾಲಿಯಾಯಿತು. ನನ್ನನ್ನು ಅಪಾರ್ಟ್‌ಮೆಂಟೊಂದರಲ್ಲಿ ನಡೆಯುತ್ತಿದ್ದ, ಪಿಯಾನೋ ಗ್ರೇಡ್ ಪರೀಕ್ಷೆಯ ಕ್ಲಾಸಿಗೆ ಸೇರಿಸಿದರು. ವರ್ಷವಿಡೀ ಅವೇ ಮೂರು ಪಾಠ, ಮಳೆ ಬಂದರೂ ಅವೇ, ಬಿಸಿಲಾದರೂ ಅವೇ. ಪಾಸಾದೆ, ಪಿಯಾನೋ ಬಿಟ್ಟೆ. ಸರ್ಟಿಫಿಕೇಟಿಗೆ ಅಪ್ಪ ಕಟ್ಟು ಹಾಕಿಸಿದ್ದಾರೆ, ಇನ್ನೂ ನಡುಮನೆಯ ಗೋಡೆಯಲ್ಲಿ ನೇತಾಡುತ್ತಿದೆ. ಅದನ್ನು ಕಂಡರೆ ಒಡೆದು ಹಾಕುವಷ್ಟು ರೋಷ ಬರುತ್ತದೆ. ಮಿಸ್ ಮನೆ ಮಾರಿ ಎಲ್ಲಿಗೆ ಹೋದರೋ ಯಾರೂ ವಿಚಾರಿಸಲಿಲ್ಲ. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ.

ಆದರೆ ನನ್ನ ಹೊಟ್ಟೆ ಉರಿಸುವುದು ಅದೆಲ್ಲಕ್ಕಿಂತ, ಅಪ್ಪ ಮಿಸ್ ಮನೆಯಲ್ಲಿ ಜಗಳವಾಡಿದ ಮರುದಿನದ ಊಟ. ಜೊತೆಯ ಹುಡುಗಿಯೊಬ್ಬಳ ಕೈಲಿ ಮಿಸ್ ಸ್ಟೀಲ್ ಡಬ್ಬಿ ಕಳಿಸಿದ್ದರು. “ಪುಟ್ಟಿ ಗೆದ್ದಿದ್ದು ಆಂಟಿ” ಎಂದು ಅವಳು ಅಮ್ಮನಿಗೆ ಕೊಟ್ಟು ಓಡಿದಳು. ಅಮ್ಮ ಅದರಲ್ಲಿದ್ದ ಬೇಳೆಯಿಂದ ಸಾರು ಮಾಡಿದಳು. ಅಪ್ಪ ಮುದ್ದೆ ಮುರಿದು ಅದ್ದಿ, ಕಣ್ಣರಳಿಸಿ, “ಯಾರೇ ಹಿದುಕಿದ್ದು? ಒಂದ್ ಸಿಪ್ಪೆನೂ ಇಲ್ವಲ್ಲ!” ಎಂದರು.

ಅಮ್ಮ ನನ್ನತ್ತ ನೋಡಿದಳು. ನಾನು ಆಗಲೂ ಬಾಯಿ ಬಿಡಲಿಲ್ಲ. ಅಪ್ಪ ಇನ್ನೊಂದು ಸೌಟು ಹಾಕಿಸಿಕೊಂಡರು.