ಸುಶೀಲನ ಗೊರಬು

ಮೊನ್ನೆ ಹಳೇ ಡಬ್ಬಿಯೊಂದರ ಮುಚ್ಚಳ ತೆಗೆದೆ. ಗೇರೆಣ್ಣೆ ವಾಸನೆ ಮೂಗಿಗೆ ಬಡಿಯಿತು. ಗೇರುಬೀಜದ ಸಿಪ್ಪೆಯಿಂದ ಬರುವ ಈ ಕಪ್ಪು ಎಣ್ಣೆಯನ್ನು ಭತ್ತದ ಸಸಿ ನೆಡುವ ನಟ್ಟಿಗೆ ಇಳಿಯುವ ಮೊದಲು ಅಂಗಾಲಿಗೆ ಬಳಿಯುವುದು ನಮ್ಮ ಕಡೆಯ ಕ್ರಮ. ಚುರ್ರೆಂದು ಉರಿಯುತ್ತದೆ, ಕಾಲು ಡಾಂಬರು ರಸ್ತೆಯ ಹಾಗೆ ಕಪ್ಪಾಗುತ್ತದೆ, ಆದರೆ ಕೆಸರಿನಲ್ಲಿ ಒಡೆಯುವುದಿಲ್ಲ. ನೀವು ಪೇಟೆಯವರಾದರೆ ಮೂಗು ಮುಚ್ಚಿಕೊಳ್ಳುತ್ತೀರಿ. ಮುಚ್ಚಿಕೊಳ್ಳಿ. ನನ್ನ ಓರಗಿತ್ತಿ ಸುಶೀಲನ ಮಗಳು ರೇಖಾ, ಗಂಡನ ಮನೆಯಿಂದ ಬಂದವಳು, ಅದನ್ನೇ ಮಾಡಿದಳು.

"ದೊಡ್ಡಮ್ಮ, ಎಂತ ವಾಸ್ನಿ ಇದ್! ಇನ್ನೂ ಇಟ್ಕಂಡಿದ್ರಿಯಾ?"

ಅವಳಿಗೊಂದು ಚೊಂಬು ಮಜ್ಜಿಗೆ ಕೊಟ್ಟೆ. ಯಾರ ಮನೆಯದ್ದು ಎಂದಳು. ಗಿರಿಜ ಕಳಿಸಿದ್ದು ಎಂದೆ. ಬಾಯಿಗೆ ಹೋಗಿದ್ದ ಚೊಂಬು ಕೆಳಗಿಳಿಯಿತು.

"ನಂಗ್ ಬ್ಯಾಡ. ಅಮ್ಮನ್ನ ಕೊಂದದ್ ಅದೇ ಮಜ್ಜಿಗಿ ಅಲ್ದಾ?"

ಇಷ್ಟು ವರ್ಷ ಈ ಹೆಣ್ಣು ಹಾಗೇ ತಿಳಿದುಕೊಂಡಿದ್ದಾಳೆಯೇ?

ಅದು ರೇಖನ ಮದುವೆ ಗೊತ್ತಾದ ವರ್ಷ. ನಮ್ಮ ವಂಡ್ಸೆ ಊರಿನ ಬದಿಗೆ ಮೊಬೈಲು ಇನ್ನೂ ಬಂದಿರಲಿಲ್ಲ. ನಮ್ಮ ಬೈಲಿನಲ್ಲಿ ನಟ್ಟಿ ಮಾಡುತ್ತಿದ್ದವರು ಇಪ್ಪತ್ತೆಂಟು ಹೆಂಗಸರು. ಗಂಡ ಸತ್ತ ಗಿರಿಜ ಎರಡು ದನ ಕಟ್ಟಿಕೊಂಡು ಬದುಕುತ್ತಿದ್ದಳು. ಗದ್ದೆ ಬದಿಗೇ ಮಜ್ಜಿಗೆ ತಂದು ಮಾರುತ್ತಿದ್ದಳು. ನಟ್ಟಿ ಮುಗಿಯುವ ಹೊತ್ತಿಗೆ ಏಳು ಜನ ಜ್ವರವೆಂದು ಮಲಗಿದರು. ಕಣ್ಣು ಹಳದಿ, ಮೈಯೆಲ್ಲ ನೋವು. ಆರು ಜನ ಎದ್ದರು. ಸುಶೀಲ ಏಳಲಿಲ್ಲ.

ಏಳರಲ್ಲಿ ಐದು ಜನ ಗಿರಿಜನ ಮಜ್ಜಿಗೆ ಕುಡಿದವರು. ಊರಿಗೆ ಅಷ್ಟು ಸಾಕಾಯಿತು. ಅವಳ ಅಂಗಳಕ್ಕೆ ಯಾರೂ ಕಾಲಿಡಲಿಲ್ಲ. ದನ ಮಾರಿ ಮುಂಬೈಯ ಅಣ್ಣನ ಮನೆಗೆ ಹೋಗಿಬಿಡುತ್ತೇನೆ ಎಂದಳು. ಹೋಗಬೇಡ ಎಂದವರೂ ಇಲ್ಲ.

ಆಗ ಕುಂದಾಪುರದಿಂದ ಡಾಕ್ಟರಮ್ಮ ಒಬ್ಬರು ಬಂದರು. ಸಣ್ಣ ಪ್ರಾಯ. ರಕ್ತ ಪರೀಕ್ಷೆಯಲ್ಲಿ ಇಲಿಜ್ವರ ಎಂದು ಗೊತ್ತಾಗಿತ್ತಂತೆ. ಹತ್ತಿದ್ದು ಎಲ್ಲಿಂದ ಎಂದು ನೋಡಬೇಕಂತೆ. ಬಂದವರು ನೆಟ್ಟಗೆ ನನ್ನ ಹತ್ತಿರವೇ ಬಂದರು.

"ನಂಗ್ ಎಂತದೂ ಆಯ್ಲಿಲ್ಲೆ ಕಾಣಿ. ಜ್ವರ ಬಂದವ್ರ್ ಆಚಿ ಮನಿಯಗಿದ್ರ್" ಎಂದೆ.

"ಜ್ವರ ಬಾರದವರೂ ಬೇಕಮ್ಮ. ಅವರನ್ನು ಬಿಟ್ಟು ಲೆಕ್ಕವೇ ಆಗುವುದಿಲ್ಲ."

ಇವರಿಗೇ ತಲೆ ಸಮ ಇಲ್ಲ ಎಂದುಕೊಂಡೆ. ಮದ್ದು ಕೊಡುವವರು ಗಟ್ಟಿ ಇದ್ದವರನ್ನು ಹುಡುಕುವುದನ್ನು ನಾನು ಕಂಡಿರಲಿಲ್ಲ.

ಅವರು ಎಲ್ಲರನ್ನೂ ನಮ್ಮ ಅಂಗಳದಲ್ಲಿ ಸೇರಿಸಿದರು. ಗಿರಿಜ ಬೇಲಿಯ ಆಚೆ ನಿಂತಿದ್ದಳು. ಸುಶೀಲನ ಬದಲಿಗೆ ಏನಾದರೂ ಇಡಿ ಎಂದರು ಡಾಕ್ಟರಮ್ಮ. ನಟ್ಟಿಯಲ್ಲಿ ಮಳೆಗೆಂದು ಬೆನ್ನಿಗೆ ಹೊದೆಯುವ ಅವಳ ಎಲೆಯ ಗೊರಬು ಮನೆಯ ಮಾಡಿನಡಿ ನೇತಾಡುತ್ತಿತ್ತು. ಅದನ್ನೇ ತಂದೆ.

"ಮಜ್ಜಿಗೆ ಕುಡಿದವರು ಇತ್ತ, ಕುಡಿಯದವರು ಅತ್ತ. ಜ್ವರ ಬಂದವರು ಕುಳಿತುಕೊಳ್ಳಿ."

ಕುಡಿದವರು ಇಪ್ಪತ್ತು, ಕುಳಿತವರು ಗೊರಬು ಸೇರಿ ಐದು. ಕುಡಿಯದವರು ಎಂಟು, ಕುಳಿತವರು ಇಬ್ಬರು.

"ಅಲ್ಲೂ ನಾಲ್ಕರಲ್ಲಿ ಒಬ್ಬರು, ಇಲ್ಲೂ ನಾಲ್ಕರಲ್ಲಿ ಒಬ್ಬರು. ಮಜ್ಜಿಗೆಯಿಂದ ಏನು ಹೆಚ್ಚಾಯಿತು?"

ಐದು ದೊಡ್ಡದು, ಎರಡು ಸಣ್ಣದು ಎಂದಷ್ಟೇ ನಾವು ಕಂಡದ್ದು. ಎಷ್ಟು ಜನರಲ್ಲಿ ಐದು ಎಂದು ಯಾರು ಕೇಳಿದ್ದರು?

"ಈಗ ನಟ್ಟಿ ಹೊತ್ತಿಗೆ ಕಾಲು ಒಡೆದಿದ್ದವರು ಇತ್ತ ಬನ್ನಿ."

ಒಂಬತ್ತು ಜನ ಆ ಕಡೆ ಹೋದರು. ನಾನು ಗೊರಬು ಹಿಡಿದುಕೊಂಡು ನಡುವೆ ನಿಂತೆ. ಆ ವರ್ಷ ಎಣ್ಣೆ ಡಬ್ಬಿ ಮುಂದಿಟ್ಟಾಗ ಸುಶೀಲ ಕಾಲು ಎಳೆದುಕೊಂಡಿದ್ದಳು. "ಅಕ್ಕಾ, ನಂಗ್ ಬ್ಯಾಡ. ಧಾರೆ ಹೊತ್ತಿಗೆ ಕರಿ ಅಂಗಾಲ್ ಕಂಡ್ರೆ ಬೀಗಿತ್ತಿ ನೆಗ್ಯಾಡ್ತ್ರ್." ಅವಳ ಹಿಮ್ಮಡಿ ಒಡೆದು ರಕ್ತ ಬಂದದ್ದನ್ನು ನಾನೇ ಕಂಡಿದ್ದೆ. ಗೊರಬನ್ನು ಒಡೆದ ಕಾಲಿನವರ ಬದಿಗೆ ಇಟ್ಟು ಬಂದೆ.

ಗೊರಬು ಸೇರಿ ಹತ್ತು, ಅದರಲ್ಲಿ ಕುಳಿತವರು ಆರು. ನಮ್ಮ ಬದಿಯ ಹದಿನೆಂಟರಲ್ಲಿ ಒಬ್ಬಳೇ.

ಆ ಒಬ್ಬಳು ಕೂತಲ್ಲೇ ಕೂಗಿದಳು, "ಹ್ವಾಯ್, ನನ್ ಕಾಲ್ ಸಮಾ ಇತ್ತಲೆ! ನಂಗ್ ಎಂತಕ್ ಬಂತ್?"

"ಕಾಲು ಗಟ್ಟಿ ಇದ್ದರೂ ಬರಬಹುದಮ್ಮ. ಅಪರೂಪ, ಅಷ್ಟೇ. ಇಲಿ ಉಚ್ಚೆ ಗದ್ದೆ ನೀರಿಗೆ ಸೇರುತ್ತದೆ, ಒಡೆದ ಚರ್ಮಕ್ಕೆ ಸುಲಭವಾಗಿ ಇಳಿಯುತ್ತದೆ." ಗೇರೆಣ್ಣೆ ಮದ್ದು ಎಂದು ತಿಳಿಯಬೇಡಿ, ಅದು ಚರ್ಮ ಸುಡುವುದೂ ಉಂಟು, ಕಾಲು ಒಡೆದರೆ ಗದ್ದೆಗೆ ಇಳಿಯಬೇಡಿ ಎಂದೂ ಹೇಳಿದರು. ನನಗೆ ಅರ್ಧ ಮಾತ್ರ ಕೇಳಿಸಿತು. ನಾನು ಗೊರಬು ನೋಡುತ್ತಿದ್ದೆ. ಬೀಗಿತ್ತಿ ನಗುತ್ತಾಳೆಂಬ ಒಂದು ಹೆದರಿಕೆಗೆ ಒಂದು ಜೀವ!

ಗಿರಿಜ ದನ ಮಾರಲಿಲ್ಲ. ಆದರೆ ಅಂಗಳದಲ್ಲಿ ನಡೆದದ್ದನ್ನು ಆ ದಿನ ಅಜ್ಜಿಮನೆಯಲ್ಲಿದ್ದ ರೇಖನಿಗೆ ಯಾರೂ ಹೇಳಿರಲಿಲ್ಲ. ತಾಯಿ ಸತ್ತ ಹುಡುಗಿ ಎಂದು ಎಲ್ಲರೂ ಮಾತು ನುಂಗಿದ್ದರು.

ಮೊನ್ನೆ ನಾನು ನುಂಗಲಿಲ್ಲ. ಗೊರಬಿನ ಸುದ್ದಿ, ಎಣ್ಣೆ ಬೇಡವೆಂದದ್ದು ಯಾರ ಮದುವೆಗೆ ಎಂಬುದು, ಎಲ್ಲ ಹೇಳಿದೆ. ಹೇಳಬಾರದಿತ್ತು ಎನ್ನುವವರು ಅನ್ನಲಿ. ಸತ್ತವಳು ಸತ್ತಳು, ಗಿರಿಜ ಇನ್ನೂ ಬದುಕಿದ್ದಾಳೆ.

ರೇಖಾ ತನ್ನ ಬಿಳಿ ಪಾದಗಳನ್ನು ನೋಡಿಕೊಂಡಳು. ಡಬ್ಬಿಯನ್ನು ಎಳೆದು ಮೂಸಿದಳು. ಈ ಸಲ ಮೂಗು ಮುಚ್ಚಲಿಲ್ಲ. ಕಣ್ಣು ಒರೆಸಿಕೊಂಡು ಚೊಂಬಿಗೆ ಕೈ ಚಾಚಿದಳು.

"ದೊಡ್ಡಮ್ಮ, ಉಪ್ಪ್ ಹಾಕಿದ್ರಿಯಾ ಇದ್ಕೆ?"